ಥೈರಾಯ್ಡ್ ವರದಿಯನ್ನು ಓದುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಕಾರ್ಯಾಗಾರವೊಂದರಲ್ಲಿ 'ಅಳತೆ ಮತ್ತು ದೋಷ' ಎಂಬ ವಿಷಯ ಕುರಿತು ಮಾತನಾಡಿದ್ದೆ. ಊಟದ ವಿರಾಮದಲ್ಲಿ ಶಿಕ್ಷಕಿಯೊಬ್ಬರು ಕೈಚೀಲದಿಂದ ಐದು ರಕ್ತಪರೀಕ್ಷಾ ವರದಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. "ಸಾರ್, ಈ ಕೊನೇ ವರದೀಲಿ ಎಲ್ಲಾ ನಾರ್ಮಲ್ ಅಂತಿದೆ. ನನಗೆ ನೋಡಿದರೆ ಒಂದು ಮಹಡಿ ಮೆಟ್ಟಿಲು ಹತ್ತೋಕೂ ಆಗ್ತಿಲ್ಲ. ವರದಿ ಸುಳ್ಳೋ, ನಾನು ಸುಳ್ಳೋ?" ಎಂದು ಕೇಳಿದರು.

ಐದು ತಿಂಗಳೊಳಗಿನ ಆ ಐದು ವರದಿಗಳ ಕಥೆ ಹೀಗಿತ್ತು. ಮೊದಲ ವರದಿಯಲ್ಲಿ ಟಿಎಸ್‌ಎಚ್ 18. ವೈದ್ಯರು ಹೈಪೋಥೈರಾಯ್ಡಿಸಮ್, ಅಂದರೆ ಥೈರಾಯ್ಡ್ ಕೊರತೆ ಎಂದು ಹೇಳಿ, ದಿನಕ್ಕೆ 50 ಮೈಕ್ರೊಗ್ರಾಂ ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟು, ಎರಡು ತಿಂಗಳ ನಂತರ ಬರುವಂತೆ ತಿಳಿಸಿದ್ದರು. ಇವರಿಗೆ ತಾಳ್ಮೆ ಇರಲಿಲ್ಲ. ಹದಿನೈದೇ ದಿನಕ್ಕೆ ತಾವಾಗಿ ಪರೀಕ್ಷೆ ಮಾಡಿಸಿದರು, 11 ಬಂತು. 'ಮಾತ್ರೆ ಸಾಲದು' ಎಂದು ದಿನಕ್ಕೆ ಎರಡು ನುಂಗತೊಡಗಿದರು. ತಿಂಗಳ ನಂತರ 4.8 ಬಂತು, ಪಕ್ಕದಲ್ಲಿ 'ಹೆಚ್ಚು' ಎಂಬ ಗುರುತು. ಮಾತ್ರೆ 125ಕ್ಕೆ ಏರಿತು. ಮತ್ತೆರಡು ತಿಂಗಳಲ್ಲಿ 0.06. ಅಷ್ಟರಲ್ಲಿ ಎದೆಬಡಿತ ಜೋರಾಗಿ, ಕೈ ನಡುಗಿ, ರಾತ್ರಿ ನಿದ್ದೆ ಬಾರದಾಯಿತು. ಹೆದರಿ ಮಾತ್ರೆಯನ್ನೇ ನಿಲ್ಲಿಸಿಬಿಟ್ಟರು. ಮೂರು ವಾರದ ನಂತರದ ವರದಿಯಲ್ಲಿ 0.9, 'ನಾರ್ಮಲ್'. ಸದ್ಯ ಗುಣವಾಯಿತು ಎಂದುಕೊಂಡರು. ಆಯಾಸ ಮಾತ್ರ ದಿನದಿನಕ್ಕೂ ಹೆಚ್ಚುತ್ತಿತ್ತು.

ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಯಾರಿಗೆ ಎಷ್ಟು ಮಾತ್ರೆ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಆ ಐದು ಸಂಖ್ಯೆಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿದಾಗ ಕಂಡದ್ದು ನಮಗೆಲ್ಲ ಪರಿಚಿತವಾದ ಚಿತ್ರ. ನಿಧಾನವಾಗಿ ಪ್ರತಿಕ್ರಿಯಿಸುವ ವ್ಯವಸ್ಥೆಯೊಂದನ್ನು ಆತುರದಿಂದ ತಿದ್ದಲು ಹೋದರೆ ಅದು ಆಂದೋಲನಕ್ಕೆ ಬೀಳುತ್ತದೆ. ಬಚ್ಚಲಿನ ನಲ್ಲಿಯಲ್ಲಿ ಬಿಸಿನೀರು ಬರುವುದು ತಡವಾದಾಗ ತಿರುಪನ್ನು ಇನ್ನಷ್ಟು ತಿರುಗಿಸುತ್ತೇವೆ, ಆಮೇಲೆ ಕೈ ಸುಡುತ್ತದೆ, ಥಟ್ಟನೆ ಮುಚ್ಚುತ್ತೇವೆ, ಮತ್ತೆ ತಣ್ಣೀರು. ತಪ್ಪು ನೀರಿನದಲ್ಲ, ಕಾಯದ ಕೈಯದು. ಥೈರಾಯ್ಡ್ ವರದಿಯನ್ನು ಓದಲು ಬೇಕಾದ ಮುಖ್ಯ ತಿಳಿವಳಿಕೆಯೂ ಇದೇ: ವರದಿಯ ಸಂಖ್ಯೆಗೆ ಕಾಲದ ಅಕ್ಷವನ್ನು ಸೇರಿಸಿದ ಹೊರತು ಅರ್ಥ ಬರುವುದಿಲ್ಲ.

ಗ್ರಂಥಿ ಮತ್ತು ಅದರ ಮೇಲ್ವಿಚಾರಕ

ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ತಬ್ಬಿಕೊಂಡಂತೆ, ಚಿಟ್ಟೆಯಾಕಾರದ ಥೈರಾಯ್ಡ್ ಗ್ರಂಥಿ ಇದೆ. ವಯಸ್ಕರಲ್ಲಿ ಅದರ ತೂಕ ಸುಮಾರು 15ರಿಂದ 20 ಗ್ರಾಂ. ಆಹಾರದಲ್ಲಿನ ಅಯೊಡೀನನ್ನು ಹೀರಿಕೊಂಡು ಅದು ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ನಾಲ್ಕು ಅಯೊಡೀನ್ ಪರಮಾಣುಗಳಿರುವ ಥೈರಾಕ್ಸಿನ್‌ಗೆ ಟಿ4 ಎಂದೂ, ಮೂರು ಇರುವುದಕ್ಕೆ ಟಿ3 ಎಂದೂ ಹೆಸರು. ಗ್ರಂಥಿಯಿಂದ ಹೆಚ್ಚಾಗಿ ಹೊರಬರುವುದು ಟಿ4. ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳಲ್ಲಿ ಅದು ಒಂದು ಅಯೊಡೀನನ್ನು ಕಳೆದುಕೊಂಡು ಟಿ3 ಆಗುತ್ತದೆ. ಜೀವಕೋಶಗಳ ಒಳಗೆ ನಿಜವಾದ ಕೆಲಸ ಮಾಡುವುದು ಈ ಟಿ3. ದೇಹದ ಶಾಖ, ಹೃದಯದ ಬಡಿತ, ಕರುಳಿನ ಚಲನೆ, ಚರ್ಮ, ಕೂದಲು, ಮನಸ್ಸಿನ ಚುರುಕು - ಎಲ್ಲಕ್ಕೂ ಇವುಗಳ ನೆರವು ಬೇಕು.

ಗ್ರಂಥಿ ಎಷ್ಟು ದುಡಿಯಬೇಕೆಂಬುದನ್ನು ತೀರ್ಮಾನಿಸುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ. ಅದು ಸ್ರವಿಸುವ ಥೈರಾಯ್ಡ್ ಪ್ರಚೋದಕ ಹಾರ್ಮೋನೇ ಟಿಎಸ್‌ಎಚ್. ರಕ್ತದಲ್ಲಿ ಟಿ4, ಟಿ3 ಕಡಿಮೆಯಾದರೆ ಪಿಟ್ಯುಟರಿ ಟಿಎಸ್‌ಎಚ್ ಅನ್ನು ಹೆಚ್ಚಿಸುತ್ತದೆ. ಅವು ಹೆಚ್ಚಾದರೆ ಇಳಿಸುತ್ತದೆ. ಪಿಟ್ಯುಟರಿಗೂ ಮೇಲೆ ಹೈಪೋಥಲಾಮಸ್ ಎಂಬ ಇನ್ನೊಬ್ಬ ಅಧಿಕಾರಿ ಇದೆ. ಅದರ ಆಜ್ಞೆಯ ಹೆಸರು ಟಿಆರ್‌ಎಚ್. ಇದು ಋಣಾತ್ಮಕ ಹಿಮ್ಮಾಹಿತಿಯ ಅಚ್ಚುಕಟ್ಟಾದ ಉದಾಹರಣೆ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಮಾಡುವ ಕೆಲಸವೇ ಇಲ್ಲಿಯೂ ನಡೆಯುತ್ತದೆ.

ಆದ್ದರಿಂದ ಒಂದು ವಿಷಯ ಸ್ಪಷ್ಟವಾಗಿರಲಿ. ಟಿಎಸ್‌ಎಚ್ ಥೈರಾಯ್ಡಿನ ಹಾರ್ಮೋನಲ್ಲ. ಅದು ಥೈರಾಯ್ಡಿಗೆ ಕೇಳುವಂತೆ ಪಿಟ್ಯುಟರಿ ಹಾಕುವ ಕೂಗು. ಕೂಗು ಜೋರಾಗಿದ್ದರೆ ಕೆಲಸಗಾರ ಸೋತಿದ್ದಾನೆ ಎಂದರ್ಥ. 'ನನ್ನ ಥೈರಾಯ್ಡ್ ಹೆಚ್ಚಾಗಿದೆ' ಎಂದು ಅನೇಕರು ಹೇಳುವಾಗ ಹೆಚ್ಚಾಗಿರುವುದು ಟಿಎಸ್‌ಎಚ್. ಥೈರಾಯ್ಡಿನ ಕೆಲಸ ಕಡಿಮೆಯಾಗಿರುತ್ತದೆ.

ಎರಡು ಪಟ್ಟಿಗೆ ನೂರು ಪಟ್ಟು

ರಕ್ತದಲ್ಲಿರುವ ಟಿ4ರ ಶೇಕಡ 99.9ಕ್ಕೂ ಹೆಚ್ಚು ಭಾಗ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಅದು ದಾಸ್ತಾನು. ಬಿಡಿಯಾಗಿ ಓಡಾಡುವ, ಜೀವಕೋಶದೊಳಗೆ ನುಗ್ಗಬಲ್ಲ ಭಾಗ ಶೇಕಡ 0.02ರಿಂದ 0.03 ಮಾತ್ರ. ವರದಿಯಲ್ಲಿ 'ಫ್ರೀ ಟಿ4' ಎಂದು ಬರೆದಿರುವುದು ಇದನ್ನೇ. ಗರ್ಭಧಾರಣೆಯಲ್ಲಿ ಅಥವಾ ಈಸ್ಟ್ರೊಜೆನ್ ಮಾತ್ರೆ ಸೇವಿಸುವಾಗ ಹೊರುವ ಪ್ರೋಟೀನು ಹೆಚ್ಚುವುದರಿಂದ ಒಟ್ಟು ಟಿ4 ಏರುತ್ತದೆ. ಅದರಿಂದ ರೋಗವಿದೆ ಎಂದು ತಿಳಿಯಬಾರದು. ಹೀಗಾಗಿಯೇ ಒಟ್ಟು ಟಿ4ಗಿಂತ ಫ್ರೀ ಟಿ4 ಹೆಚ್ಚು ಉಪಯುಕ್ತ.

ಫ್ರೀ ಟಿ4 ಮತ್ತು ಟಿಎಸ್‌ಎಚ್‌ಗಳ ಸಂಬಂಧ ಸರಳರೇಖೆಯದಲ್ಲ, ಲಾಗರಿದಮ್‌ನದು. ಫ್ರೀ ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ಸುಮಾರು ನೂರು ಪಟ್ಟು ಏರುತ್ತದೆ. ಇದು ಸ್ಥೂಲ ನಿಯಮ. ಎಲ್ಲ ವ್ಯಾಪ್ತಿಯಲ್ಲೂ ಚಾಚೂ ತಪ್ಪದೆ ಹೊಂದುವುದಿಲ್ಲ. ಆದರೂ ಅದರಿಂದ ಒಂದು ಲೆಕ್ಕ ಮಾಡಿ ನೋಡೋಣ. ಫ್ರೀ ಟಿ4 ಶೇಕಡ 10 ಇಳಿದರೆ ಟಿಎಸ್‌ಎಚ್ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾದರೆ ಟಿಎಸ್‌ಎಚ್ 4ರಿಂದ 5ಕ್ಕೆ ಏರಿದರೆ ಫ್ರೀ ಟಿ4ರಲ್ಲಿ ಆಗಿರುವ ಬದಲಾವಣೆ ಎಷ್ಟು? ಶೇಕಡ 3ರ ಆಸುಪಾಸು. ಇಷ್ಟು ಚಿಕ್ಕ ಬದಲಾವಣೆಯನ್ನು ಫ್ರೀ ಟಿ4 ಪರೀಕ್ಷೆಯೇ ನಂಬುವಂತೆ ಹಿಡಿಯಲಾರದು.

ಇದರಿಂದ ಎರಡು ಪಾಠಗಳಿವೆ. ಒಂದು, ಟಿಎಸ್‌ಎಚ್ ಒಂದು ವರ್ಧಕ; ಥೈರಾಯ್ಡಿನ ಸಣ್ಣ ಸೋಲನ್ನೂ ಹಿಗ್ಗಿಸಿ ತೋರಿಸುತ್ತದೆ. ಆದ್ದರಿಂದಲೇ ಮೊದಲ ಪರೀಕ್ಷೆಯಾಗಿ ಅದನ್ನು ಆರಿಸುತ್ತಾರೆ. ಎರಡು, ವರ್ಧಕದ ಸೂಚಿ ಜಿಗಿದಷ್ಟೇ ರೋಗವೂ ಜಿಗಿದಿದೆ ಎಂದು ತಿಳಿಯಬಾರದು. ಟಿಎಸ್‌ಎಚ್ 18 ಇರುವವರಿಗೆ 6 ಇರುವವರ ಮೂರರಷ್ಟು ಕಾಯಿಲೆ ಇರುವುದಿಲ್ಲ. ರಿಕ್ಟರ್ ಮಾನದ ಅಂಕಿಗಳನ್ನು ಸಾಮಾನ್ಯ ಅಂಕಿಗಳಂತೆ ಹೋಲಿಸಬಾರದೆಂದು ನಾವು ತರಗತಿಯಲ್ಲಿ ಹೇಳುವುದಿಲ್ಲವೆ? ಹಾಗೆಯೇ ಇದು.

ಇಷ್ಟು ಸೂಕ್ಷ್ಮವಾಗಿ ಅಳೆಯುವುದೆಂತು?

ಫ್ರೀ ಟಿ4ರ ಸಾಮಾನ್ಯ ಪ್ರಮಾಣ ಡೆಸಿಲೀಟರಿಗೆ ಸುಮಾರು 1 ನ್ಯಾನೊಗ್ರಾಂ. ಅಂದರೆ 10 ಕೋಟಿ ಲೀಟರಿಗೆ ಒಂದು ಗ್ರಾಂ. ಒಂದು ಹೆಕ್ಟೇರ್ ವಿಸ್ತಾರದ, 10 ಮೀಟರ್ ಆಳದ ಕೆರೆಯಲ್ಲಿ ಒಂದು ಗ್ರಾಂ ವಸ್ತುವನ್ನು ಕರಗಿಸಿ, ಒಂದು ಲೋಟ ನೀರಿನಿಂದ ಅದನ್ನು ಪತ್ತೆಹಚ್ಚಿದಂತೆ!

ಇದನ್ನು ಸಾಧ್ಯವಾಗಿಸಿದವರಲ್ಲಿ ಮುಖ್ಯರಾದವರು ಒಬ್ಬ ಭೌತವಿಜ್ಞಾನಿ ಎಂಬುದು ನಮಗೆ ಸಂತೋಷದ ಸಂಗತಿ. ರೋಸಲಿನ್ ಯಾಲೊ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ 1945ರಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ವೈದ್ಯ ಸಾಲೊಮನ್ ಬರ್ಸನ್ ಜೊತೆಗೂಡಿ 1950ರ ದಶಕದಲ್ಲಿ ವಿಕಿರಣ ಪ್ರತಿರಕ್ಷಾ ಮಾಪನ ವಿಧಾನವನ್ನು ರೂಪಿಸಿದರು. ತತ್ತ್ವ ಸರಳ. ಬಸ್ಸಿನಲ್ಲಿ ಸೀಟುಗಳು ನಿಗದಿತ ಎಂದುಕೊಳ್ಳಿ. ಕೆಂಪು ಟೋಪಿಯ ನೂರು ಜನರನ್ನು ನಾವೇ ಹತ್ತಿಸುತ್ತೇವೆ. ಟೋಪಿ ಇಲ್ಲದವರು ಎಷ್ಟೋ ಹತ್ತುತ್ತಾರೆ. ಕೊನೆಗೆ ಸೀಟಿನಲ್ಲಿ ಕೂತ ಕೆಂಪು ಟೋಪಿಗಳನ್ನು ಎಣಿಸಿದರೆ, ಟೋಪಿ ಇಲ್ಲದವರು ಎಷ್ಟಿದ್ದರೆಂದು ಲೆಕ್ಕ ಹಾಕಬಹುದು. ಸೀಟು ಎಂದರೆ ಪ್ರತಿಕಾಯ. ಕೆಂಪು ಟೋಪಿ ಎಂದರೆ ವಿಕಿರಣಪಟು ಅಯೊಡೀನ್ ಅಂಟಿಸಿದ ಹಾರ್ಮೋನು. ಟೋಪಿ ಇಲ್ಲದವರು ರೋಗಿಯ ರಕ್ತದ ಹಾರ್ಮೋನು. ಅವರು ಮೊದಲು ಅಳೆದದ್ದು ಇನ್ಸುಲಿನ್ನನ್ನು. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಹುಮಾನ ಬಂತು. ಆ ವರ್ಷ ಅದನ್ನು ಹಂಚಿಕೊಂಡ ರೋಜರ್ ಗಿಲ್ಮ್ಯಾ ಮತ್ತು ಆಂಡ್ರೂ ಶ್ಯಾಲಿ, ಮೇಲೆ ಹೇಳಿದ ಟಿಆರ್‌ಎಚ್‌ನ ರಚನೆಯನ್ನು ಬಿಡಿಸಿದವರು.

ಇಂದು ಬಹುತೇಕ ಪ್ರಯೋಗಾಲಯಗಳಲ್ಲಿ ವಿಕಿರಣದ ಬದಲು ಬೆಳಕು ಬಂದಿದೆ. ಟಿಎಸ್‌ಎಚ್ ಅಣುವನ್ನು ಎರಡು ಪ್ರತಿಕಾಯಗಳು ಎರಡು ಕಡೆಯಿಂದ ಹಿಡಿದುಕೊಳ್ಳುತ್ತವೆ, ಅದರಲ್ಲೊಂದು ಮಿನುಗುತ್ತದೆ, ಮಿನುಗನ್ನು ಅಳೆಯುತ್ತಾರೆ. ಮೊದಲ ಪೀಳಿಗೆಯ ಟಿಎಸ್‌ಎಚ್ ಪರೀಕ್ಷೆಗಳು 1ಕ್ಕಿಂತ ಕೆಳಗೆ ಕುರುಡಾಗಿದ್ದವು. ಈಗಿನವು 0.01ರವರೆಗೂ ಅಳೆಯುತ್ತವೆ. ಆದ್ದರಿಂದಲೇ ಮಾತ್ರೆ ಹೆಚ್ಚಾಗಿದೆ ಎಂಬುದನ್ನೂ ಇಂದು ಟಿಎಸ್‌ಎಚ್‌ನಿಂದ ತಿಳಿಯಬಹುದು.

'ನಾರ್ಮಲ್' ಎಂದರೇನು?

ವಯಸ್ಕರಲ್ಲಿ ಟಿಎಸ್‌ಎಚ್‌ನ ಸಾಮಾನ್ಯ ವ್ಯಾಪ್ತಿ ಲೀಟರಿಗೆ ಸುಮಾರು 0.4ರಿಂದ 4 ಮಿಲಿ ಯೂನಿಟ್. ಕೆಲವು ವರದಿಗಳಲ್ಲಿ ಮಿಲಿಲೀಟರಿಗೆ ಮೈಕ್ರೊ ಯೂನಿಟ್ ಎಂದಿರುತ್ತದೆ. ಅಂಶ, ಛೇದಗಳೆರಡನ್ನೂ ಸಾವಿರದಿಂದ ಭಾಗಿಸಿರುವುದರಿಂದ ಸಂಖ್ಯೆ ಬದಲಾಗುವುದಿಲ್ಲ. ಫ್ರೀ ಟಿ4 ಹಾಗಲ್ಲ. ಒಂದು ಲ್ಯಾಬು ಡೆಸಿಲೀಟರಿಗೆ ನ್ಯಾನೊಗ್ರಾಂ ಎಂದು ಕೊಟ್ಟರೆ ಇನ್ನೊಂದು ಲೀಟರಿಗೆ ಪಿಕೊಮೋಲ್ ಎಂದು ಕೊಡುತ್ತದೆ. ಮೊದಲನೆಯದರ 1 ಎರಡನೆಯದರಲ್ಲಿ 12.87. ಮಾನವನ್ನು ನೋಡದೆ ಅಂಕಿಯನ್ನು ಮಾತ್ರ ನೋಡಿ ಗಾಬರಿಯಾದವರನ್ನು ನಾನು ಕಂಡಿದ್ದೇನೆ. 'ಮಾನ ಬರೆಯದ ಉತ್ತರಕ್ಕೆ ಅಂಕವಿಲ್ಲ' ಎಂದು ಮಕ್ಕಳಿಗೆ ಹೇಳುವ ನಾವು ನಮ್ಮ ವರದಿಯಲ್ಲಿ ಅದನ್ನು ಮರೆಯಬಾರದು.

ಈ ವ್ಯಾಪ್ತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇಕಡ 95 ಮಂದಿ ಒಳಗೆ ಬರುವಂತೆ ಗೊತ್ತುಪಡಿಸುತ್ತಾರೆ. ಅಂದಮೇಲೆ ಆರೋಗ್ಯವಂತರಲ್ಲೇ ಇಪ್ಪತ್ತರಲ್ಲಿ ಒಬ್ಬರು ಹೊರಗೆ ಬೀಳುತ್ತಾರೆ. ಅದೂ ಅಲ್ಲದೆ ಟಿಎಸ್‌ಎಚ್ ದಿನವಿಡೀ ಒಂದೇ ಸಮ ಇರುವುದಿಲ್ಲ. ನಡುರಾತ್ರಿಯಿಂದ ನಸುಕಿನವರೆಗೆ ಹೆಚ್ಚು, ಮಧ್ಯಾಹ್ನ ಕಡಿಮೆ. ಒಬ್ಬರಲ್ಲೇ ದಿನದಿಂದ ದಿನಕ್ಕೆ ಶೇಕಡ 20ರಷ್ಟು ಏರಿಳಿತ ಸಹಜ. ಉಪಕರಣದ ದೋಷವನ್ನೂ ಸೇರಿಸಿ ಲೆಕ್ಕ ಮಾಡಿದರೆ, ಎರಡು ವರದಿಗಳ ನಡುವೆ ಅರ್ಧದಷ್ಟಾದರೂ ವ್ಯತ್ಯಾಸವಿರದಿದ್ದರೆ 'ಬದಲಾಗಿದೆ' ಎಂದು ಖಚಿತವಾಗಿ ಹೇಳಲಾಗದು. ಕಳೆದ ಬಾರಿ 2.6, ಈ ಬಾರಿ 3.3 ಎಂದರೆ ಭೌತವಿಜ್ಞಾನದ ಭಾಷೆಯಲ್ಲಿ ಅವೆರಡೂ ದೋಷದ ಮಿತಿಯಲ್ಲಿ ಒಂದೇ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಡೆನ್ಮಾರ್ಕಿನ ಸಂಶೋಧಕರು 16 ಮಂದಿ ಆರೋಗ್ಯವಂತ ಪುರುಷರ ರಕ್ತವನ್ನು ವರ್ಷವಿಡೀ ತಿಂಗಳಿಗೊಮ್ಮೆ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿಯೊಬ್ಬರ ಏರಿಳಿತ ಇಡೀ ಗುಂಪಿನ ವ್ಯಾಪ್ತಿಗಿಂತ ಬಹಳ ಕಿರಿದಾಗಿತ್ತು; ಪ್ರತಿಯೊಬ್ಬರಿಗೂ ತಮ್ಮದೇ ಆದ ನೆಲೆ ಇತ್ತು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಂದುವುದಿಲ್ಲ ಎಂಬಂತೆ. ಆದ್ದರಿಂದ ವ್ಯಾಪ್ತಿಯೊಳಗಿದ್ದೂ ಒಬ್ಬರಿಗೆ ಸರಿಹೊಂದದಿರಬಹುದು. ಆದರೆ ಅದನ್ನು ತೀರ್ಮಾನಿಸಲು ಒಂದೇ ಒಂದು ವರದಿ ಸಾಲದು. ಒಂದೇ ಲ್ಯಾಬಿನ, ಒಂದೇ ಹೊತ್ತಿನ ಹಲವು ವರದಿಗಳು ಬೇಕು.

ಮಾತ್ರೆಯ ಅರ್ಧಾಯು

ಥೈರಾಯ್ಡ್ ಕೊರತೆ ಒಂದು ಕಾಲದಲ್ಲಿ ಕೊಲ್ಲುವ ಕಾಯಿಲೆಯಾಗಿತ್ತು. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ತೀವ್ರ ಕೊರತೆಯಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿದರು. ಆಕೆ ಮತ್ತೆ 28 ವರ್ಷ ಬದುಕಿದರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನನ್ನು ಬೇರ್ಪಡಿಸಿದರು. ಚಾರ್ಲ್ಸ್ ಹ್ಯಾರಿಂಗ್ಟನ್ 1926ರಲ್ಲಿ ಅದರ ರಚನೆಯನ್ನು ತಿಳಿಸಿ, ಮರುವರ್ಷ ಜಾರ್ಜ್ ಬಾರ್ಜರ್ ಜೊತೆ ಸಂಶ್ಲೇಷಿಸಿದರು. ಇಂದಿನ ಲೆವೊಥೈರಾಕ್ಸಿನ್ ಮಾತ್ರೆಯಲ್ಲಿರುವುದು ನಮ್ಮ ಗ್ರಂಥಿ ತಯಾರಿಸುವ ಅದೇ ಅಣು.

ರಕ್ತದಲ್ಲಿ ಟಿ4ರ ಅರ್ಧಾಯು ಸುಮಾರು 7 ದಿನ. ವಿಕಿರಣಪಟು ಅಯೊಡೀನ್-131ರ ಅರ್ಧಾಯು 8 ದಿನ. ಎರಡೂ ಹತ್ತಿರವಿರುವುದು ಆಕಸ್ಮಿಕ, ಆದರೆ ಪಾಠಕ್ಕೆ ಅನುಕೂಲ. ದೇಹವನ್ನು ತೂತುಳ್ಳ ತೊಟ್ಟಿ ಎಂದುಕೊಳ್ಳಿ. ಪ್ರತಿದಿನ ತೊಟ್ಟಿಯಲ್ಲಿರುವುದರ ಶೇಕಡ 9.4ರಷ್ಟು ಸೋರುತ್ತದೆ, ಪ್ರತಿದಿನ ಒಂದು ತಂಬಿಗೆ ತುಂಬುತ್ತೇವೆ. ತೊಟ್ಟಿ ಏರುತ್ತಾ ಹೋಗಿ, ಸೋರಿದಷ್ಟೇ ತುಂಬುವ ಮಟ್ಟದಲ್ಲಿ ನಿಲ್ಲುತ್ತದೆ. ಅದೇ ಸಮಸ್ಥಿತಿ. ಹೊಸ ಪ್ರಮಾಣ ಆರಂಭಿಸಿದ ಮೇಲೆ ಬರಬೇಕಾದ ಒಟ್ಟು ಬದಲಾವಣೆಯಲ್ಲಿ ಎಷ್ಟು ಭಾಗ ಮುಗಿದಿರುತ್ತದೆ?

1 ವಾರಕ್ಕೆ - ಶೇಕಡ 50
2 ವಾರಕ್ಕೆ - ಶೇಕಡ 75
3 ವಾರಕ್ಕೆ - ಶೇಕಡ 87.5
4 ವಾರಕ್ಕೆ - ಶೇಕಡ 93.8
5 ವಾರಕ್ಕೆ - ಶೇಕಡ 96.9
6 ವಾರಕ್ಕೆ - ಶೇಕಡ 98.4

ಕೊರತೆ ಇರುವವರಲ್ಲಿ ಅರ್ಧಾಯು 9-10 ದಿನಗಳವರೆಗೂ ಹಿಗ್ಗಬಹುದು. ಅಲ್ಲದೆ ಪಿಟ್ಯುಟರಿ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ತನ್ನದೇ ಸಮಯ ತೆಗೆದುಕೊಳ್ಳುತ್ತದೆ. ಹೀಗಾಗಿ ಮಾತ್ರೆಯ ಪ್ರಮಾಣ ಬದಲಾದ ಮೇಲೆ ಆರರಿಂದ ಎಂಟು ವಾರ ಕಳೆದ ನಂತರವೇ ವೈದ್ಯರು ಪರೀಕ್ಷೆ ಹೇಳುವುದು. ಎರಡೇ ವಾರಕ್ಕೆ ಮಾಡಿಸಿದ ಪರೀಕ್ಷೆ ಓಡುತ್ತಿರುವ ಬಸ್ಸಿನ ಛಾಯಾಚಿತ್ರ. ಅದು ಎಲ್ಲಿ ನಿಲ್ಲುತ್ತದೆಂದು ಚಿತ್ರ ಹೇಳಲಾರದು.

ಇದೇ ಲೆಕ್ಕ ಇನ್ನೊಂದು ಸಮಾಧಾನವನ್ನೂ ಕೊಡುತ್ತದೆ. ಒಂದು ದಿನ ಮಾತ್ರೆ ಮರೆತರೆ ತೊಟ್ಟಿಯ ಮಟ್ಟ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇಳಿಯುತ್ತದೆ, ಗಾಬರಿ ಬೇಡ. ಆದರೆ ಒಂದು ವಾರ ಬಿಟ್ಟರೆ ಮಾತ್ರೆಯಿಂದ ಬಂದ ಸಂಗ್ರಹದಲ್ಲಿ ಅರ್ಧ ಹೋಗಿರುತ್ತದೆ.

ಈಗ ಶಿಕ್ಷಕಿಯವರ ಕೊನೆಯ ವರದಿಗೆ ಬನ್ನಿ. ಮಾತ್ರೆ ನಿಲ್ಲಿಸಿ ಮೂರು ವಾರ, ಅಂದರೆ ಮೂರು ಅರ್ಧಾಯು. ನುಂಗಿದ ಹಾರ್ಮೋನಿನ ಎಂಟನೇ ಒಂದು ಭಾಗ ಮಾತ್ರ ಉಳಿದಿತ್ತು. ಮೊದಲು ಮಿತಿಮೀರಿದ ಮಾತ್ರೆಯಿಂದ ಅದುಮಿಟ್ಟಿದ್ದ ಪಿಟ್ಯುಟರಿ ಇನ್ನೂ ಪೂರ್ತಿ ಎಚ್ಚೆತ್ತಿರಲಿಲ್ಲ. ಟಿಎಸ್‌ಎಚ್ 0.06ರಿಂದ ಮೇಲೇರುವ ದಾರಿಯಲ್ಲಿ 0.9ನ್ನು ದಾಟುತ್ತಿತ್ತು. ಲೋಲಕವೂ ಪ್ರತಿ ಸುತ್ತಿನಲ್ಲಿ ನಡುಬಿಂದುವನ್ನು ಹಾಯುತ್ತದೆ. ಆದರೆ ಅಲ್ಲಿ ನಿಂತಿರುವುದಿಲ್ಲ. ವರದಿಯೂ ಸುಳ್ಳಲ್ಲ, ಅವರ ಆಯಾಸವೂ ಸುಳ್ಳಲ್ಲ. ಆ ವರದಿಯೊಂದಿಗೆ ಫ್ರೀ ಟಿ4 ಮಾಡಿಸಿರಲಿಲ್ಲ. ಮಾಡಿಸಿದ್ದರೆ ಉತ್ತರ ಅಲ್ಲೇ ಸಿಗುತ್ತಿತ್ತು.

ರಕ್ತ ಕೊಡುವ ಮುನ್ನ

ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಸೇವಿಸಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡುವು ಕೊಡಬೇಕು. ನಮ್ಮಲ್ಲಿ ಎದ್ದ ಕೂಡಲೆ ಕಾಫಿ ಬೇಕು. ಅದೂ ಹೀರಿಕೆಯನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಥೈರಾಕ್ಸಿನ್ನನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ನಾಲ್ಕು ಗಂಟೆಗಳ ಅಂತರ ಬೇಕು. ಮಾತ್ರೆ 'ಸಾಲದಿರಲು' ಎಷ್ಟೋ ಸಲ ಕಾರಣ ಪ್ರಮಾಣವಲ್ಲ, ಈ ಜೊತೆಗಾರರು.

ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗುವುದು ಒಳ್ಳೆಯದು. ನುಂಗಿದ ಎರಡು-ಮೂರು ಗಂಟೆಗಳಲ್ಲಿ ಫ್ರೀ ಟಿ4 ತಾತ್ಕಾಲಿಕವಾಗಿ ಏರಿರುತ್ತದೆ. ಇನ್ನೊಂದು ಬಲೆ ಬಯೊಟಿನ್. ಥೈರಾಯ್ಡ್ ಕೊರತೆಯಲ್ಲಿ ಕೂದಲು ಉದುರುತ್ತದೆ. ಕೂದಲಿಗೆಂದು ಕೊಳ್ಳುವ ಮಾತ್ರೆಗಳಲ್ಲಿ ಬಯೊಟಿನ್ ಹೇರಳ. ಹಲವು ಪರೀಕ್ಷೆಗಳು ಬಯೊಟಿನ್‌ನ ಅಂಟುಗುಣವನ್ನೇ ಬಳಸುವುದರಿಂದ, ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ, ಫ್ರೀ ಟಿ4 ಇದ್ದದ್ದಕ್ಕಿಂತ ಹೆಚ್ಚು ಎಂದು ತೋರುತ್ತದೆ. ಮಾತ್ರೆ ಹೆಚ್ಚಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಿರಬೇಕು, ವೈದ್ಯರಿಗೂ ತಿಳಿಸಿರಬೇಕು.

ಎರಡು ಸಂಖ್ಯೆಗಳ ಜೋಡಿ

ಟಿಎಸ್‌ಎಚ್ ಮತ್ತು ಫ್ರೀ ಟಿ4ಗಳನ್ನು ಜೋಡಿಯಾಗಿ ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ.

1. ಟಿಎಸ್‌ಎಚ್ ಹೆಚ್ಚು, ಫ್ರೀ ಟಿ4 ಕಡಿಮೆ: ಗ್ರಂಥಿಯೇ ಸೋತಿದೆ. ಅಯೊಡೀನ್ ಸಾಕಷ್ಟಿರುವ ಕಡೆ ಇದಕ್ಕೆ ಸಾಮಾನ್ಯ ಕಾರಣ, ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ ಸ್ವಯಂಪ್ರತಿರಕ್ಷಾ ಕಾಯಿಲೆ.

2. ಟಿಎಸ್‌ಎಚ್ ಹೆಚ್ಚು, ಫ್ರೀ ಟಿ4 ಸರಿ: ಅವ್ಯಕ್ತ ಕೊರತೆ. ಟಿಎಸ್‌ಎಚ್ 10ಕ್ಕಿಂತ ಕಡಿಮೆಯಿದ್ದರೆ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. 65 ದಾಟಿದ 737 ಮಂದಿಯ ಮೇಲೆ ಯೂರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಕೊರತೆಗೆ ಮಾತ್ರೆ ಕೊಟ್ಟರೂ ಆಯಾಸವೇನೂ ಕಡಿಮೆಯಾಗಲಿಲ್ಲ. ಚಿಕಿತ್ಸೆಯಲ್ಲಿರುವವರಲ್ಲಿ ಈ ಜೋಡಿ ಕಂಡರೆ ಇನ್ನೊಂದು ಸಾಧ್ಯತೆ ಇದೆ: ವಾರಗಟ್ಟಲೆ ಮಾತ್ರೆ ಬಿಟ್ಟು, ಪರೀಕ್ಷೆಗೆ ನಾಲ್ಕು ದಿನ ಮುಂಚೆ ಶಿಸ್ತಾಗಿ ನುಂಗಿರುವುದು! ಪರೀಕ್ಷೆಯ ಹಿಂದಿನ ರಾತ್ರಿ ಓದುವ ವಿದ್ಯಾರ್ಥಿಗಳಂತೆ. ಪಿಟ್ಯುಟರಿ ಹಾಜರಿ ಪುಸ್ತಕ ಇಟ್ಟಿರುತ್ತದೆ.

3. ಟಿಎಸ್‌ಎಚ್ ಕಡಿಮೆ, ಫ್ರೀ ಟಿ4 ಹೆಚ್ಚು: ಮಾತ್ರೆ ಹೆಚ್ಚಾಗಿದೆ, ಅಥವಾ ಗ್ರಂಥಿ ಅತಿಯಾಗಿ ದುಡಿಯುತ್ತಿದೆ. ಇದನ್ನು ಲಘುವಾಗಿ ಕಾಣಬಾರದು. ಹೃದಯದ ಲಯ ತಪ್ಪುವುದು, ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆ ಸವೆಯುವುದು ಇದರ ಅಪಾಯಗಳು.

4. ಫ್ರೀ ಟಿ4 ಕಡಿಮೆ, ಆದರೆ ಟಿಎಸ್‌ಎಚ್ ಏರಿಲ್ಲ: ಕೂಗಬೇಕಾದ ಪಿಟ್ಯುಟರಿಗೇ ತೊಂದರೆ ಇರಬಹುದು, ಅಥವಾ ರೋಗಿ ಬೇರೆ ಗಂಭೀರ ಕಾಯಿಲೆಯಲ್ಲಿರಬಹುದು. ಇಲ್ಲಿ ಟಿಎಸ್‌ಎಚ್ ಒಂದನ್ನೇ ನಂಬಿದರೆ ಮೋಸಹೋಗುತ್ತೇವೆ. ವೈದ್ಯರನ್ನು ತಡಮಾಡದೆ ಕಾಣಬೇಕು.

ಗರ್ಭಿಣಿಯರಿಗೆ ಬೇರೆಯೇ ಲೆಕ್ಕ. ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳಿನ ಬೆಳವಣಿಗೆಗೆ ತಾಯಿಯ ಥೈರಾಕ್ಸಿನ್ನೇ ಆಧಾರ. ಮೊದಲೇ ಮಾತ್ರೆ ಸೇವಿಸುತ್ತಿರುವವರಿಗೆ ಸಾಮಾನ್ಯವಾಗಿ ಶೇಕಡ 25ರಿಂದ 30ರಷ್ಟು ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಗರ್ಭ ನಿಂತಿದೆ ಎಂದು ತಿಳಿದ ಕೂಡಲೆ ವೈದ್ಯರಿಗೆ ಹೇಳಬೇಕು. ಇಲ್ಲಿ ಮಾತ್ರ ಕಾಯುವುದು ತಪ್ಪು.

ವರದಿ ಸರಿ, ಮೈ ಸರಿಯಿಲ್ಲ

ಆಯಾಸ, ತೂಕ ಹೆಚ್ಚುವುದು, ಚಳಿ ತಡೆಯದಿರುವುದು, ಮಲಬದ್ಧತೆ, ಒಣಚರ್ಮ, ಕೂದಲುದುರುವುದು, ಮುಖ ಊದುವುದು, ಮುಟ್ಟಿನಲ್ಲಿ ಅಧಿಕ ಸ್ರಾವ, ಮರೆವು - ಇವು ಕೊರತೆಯ ಲಕ್ಷಣಗಳು. ಕಷ್ಟವೆಂದರೆ ಇವುಗಳಲ್ಲಿ ಒಂದೂ ಥೈರಾಯ್ಡಿಗೆ ಮಾತ್ರ ಸೀಮಿತವಲ್ಲ. ರಕ್ತಹೀನತೆ, ಬಿ12 ಕೊರತೆ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ, ಖಿನ್ನತೆ, ಮಧುಮೇಹ - ಎಲ್ಲದರ ಮುಖವೂ ಆಯಾಸವೇ.

ಲಕ್ಷಣಗಳಿಗೂ ತಮ್ಮದೇ ಕಾಲಮಾನವಿದೆ. ರಕ್ತದ ಅಂಕಿ ಸರಿಯಾದ ದಿನವೇ ದೇಹ ಸರಿಹೋಗುವುದಿಲ್ಲ. ಚುರುಕು ಕೆಲವು ವಾರಗಳಲ್ಲಿ ಮರಳಬಹುದು. ಚರ್ಮ, ಕೂದಲು ಸುಧಾರಿಸಲು ತಿಂಗಳುಗಳೇ ಬೇಕು. ಟಿಎಸ್‌ಎಚ್ ಸರಿಯಾಗಿ ಹಲವು ತಿಂಗಳು ಕಳೆದ ಮೇಲೂ ಕೆಲವರಿಗೆ ಆಯಾಸ ಉಳಿಯುತ್ತದೆ. ಅದು ಅವರ ಕಲ್ಪನೆಯಲ್ಲ. ಆಗ ಮಾಡಬೇಕಾದುದು ಮಾತ್ರೆ ಹೆಚ್ಚಿಸುವುದಲ್ಲ, ಬೇರೆ ಕಾರಣ ಹುಡುಕುವುದು. ವೈದ್ಯರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ದಿನಾಂಕ, ಮಾತ್ರೆಯ ಪ್ರಮಾಣ, ಟಿಎಸ್‌ಎಚ್, ಫ್ರೀ ಟಿ4, ತೂಕ, ನಾಡಿಬಡಿತ, ಆ ದಿನಗಳ ಮುಖ್ಯ ತೊಂದರೆ - ಇಷ್ಟನ್ನು ಸಾಲಾಗಿ ಬರೆದುಕೊಂಡು ಹೋಗಿ. ಐದು ನಿಮಿಷದ ಭೇಟಿಯಲ್ಲಿ ಅದು ಐವತ್ತು ಮಾತುಗಳ ಕೆಲಸ ಮಾಡುತ್ತದೆ.

ನಮ್ಮ ಶಿಕ್ಷಕಿ ಮಾಡಿದ್ದೂ ಅದನ್ನೇ. ನಕ್ಷೆಯೊಂದಿಗೆ ಮೊದಲಿನ ವೈದ್ಯರಲ್ಲಿಗೇ ಹಿಂದಿರುಗಿ, ತಾವು ಮಾಡಿದ್ದನ್ನೆಲ್ಲ ಮುಚ್ಚಿಡದೆ ಹೇಳಿದರು. ಅವರು 75 ಮೈಕ್ರೊಗ್ರಾಂ ಬರೆದುಕೊಟ್ಟು, ಎಂಟು ವಾರ ಲ್ಯಾಬಿನ ಕಡೆ ತಲೆಹಾಕಬೇಡಿ ಎಂದರಂತೆ. ಬೆಳಗಿನ ಮಾತ್ರೆಯ ಜೊತೆಗೇ ನುಂಗುತ್ತಿದ್ದ ಕ್ಯಾಲ್ಸಿಯಂ ರಾತ್ರಿಗೆ ಹೋಯಿತು. ಎಂಟು ವಾರದ ನಂತರ ಟಿಎಸ್‌ಎಚ್ 2.3. ಆಯಾಸ ಅರ್ಧ ಇಳಿದಿತ್ತು, ಪೂರ್ತಿ ಅಲ್ಲ. ಉಳಿದರ್ಧದ ಕಾರಣ ಹುಡುಕಿದಾಗ ಹಿಮೊಗ್ಲೋಬಿನ್ 9 ಎಂದು ತಿಳಿಯಿತು. ಐದು ಬಾರಿ ಟಿಎಸ್‌ಎಚ್ ಮಾಡಿಸಿದವರು ಒಮ್ಮೆಯೂ ಅದನ್ನು ನೋಡಿರಲಿಲ್ಲ. ಕಬ್ಬಿಣದ ಮಾತ್ರೆ ಶುರುವಾಯಿತು. ಮಧ್ಯಾಹ್ನ ಊಟದ ನಂತರ, ಥೈರಾಕ್ಸಿನ್‌ನಿಂದ ದೂರ.

ಶಿಕ್ಷಕ ಮಿತ್ರರಲ್ಲಿ ಒಂದು ಸೂಚನೆ. ಅರ್ಧಾಯು ಪಾಠ ಮಾಡುವಾಗ ಯುರೇನಿಯಂ, ರೇಡಿಯಂಗಳ ಜೊತೆಗೆ ಈ ತೊಟ್ಟಿಯ ಲೆಕ್ಕವನ್ನೂ ಕೊಡಿ. ದಿನಕ್ಕೆ ಶೇಕಡ 9.4 ಸೋರುವ, ದಿನಕ್ಕೆ ಒಂದು ತಂಬಿಗೆ ಬೀಳುವ ತೊಟ್ಟಿ ಎಷ್ಟು ತಂಬಿಗೆಗಳಲ್ಲಿ ಸಮಸ್ಥಿತಿಗೆ ಬರುತ್ತದೆ ಎಂದು ವಿದ್ಯಾರ್ಥಿಗಳೇ ಕಂಡುಹಿಡಿಯಲಿ. ಉತ್ತರ ಹತ್ತೂವರೆಗಿಂತ ಸ್ವಲ್ಪ ಹೆಚ್ಚು. ಅವರಲ್ಲಿ ಯಾರದಾದರೂ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಈ ಮಾತ್ರೆ ಸೇವಿಸುತ್ತಿರಬಹುದು. ಎರಡು ವಾರಕ್ಕೇ ಬೇಸತ್ತು ಮಾತ್ರೆ ಬಿಡಲು ಹೊರಟವರನ್ನು ತಡೆಯಲು ಆ ಹುಡುಗಿಯ ನೋಟ್ ಪುಸ್ತಕದ ಒಂದು ನಕ್ಷೆ ಸಾಕಾದೀತು.